ಬಿಳಿ ಅಕ್ಷರದ ಉತ್ತರಗಳು

ಆಗಸ್ಟ್ ೪, ಸೋಮವಾರ

ಹೆಡ್ ಮೇಡಂ ಕರೆಯುತ್ತಿದ್ದಾರೆ ಅಂತ ಸುದ್ದಿ ಬಂತು. ಕೆಲಸದಿಂದ ತೆಗೆಯುವುದಕ್ಕೇ ಇರಬೇಕು ಅಂದುಕೊಂಡು, ಡ್ರಾಯರಿನಲ್ಲಿದ್ದ ಬಾಚಣಿಗೆ, ತಲೆನೋವಿನ ಮಾತ್ರೆ ಎರಡನ್ನೂ ಚೀಲಕ್ಕೆ ಹಾಕಿಕೊಂಡೇ ಅವರ ಕೋಣೆಗೆ ಹೋದೆ. ತೆಗೆಯಲಿಲ್ಲ. ಅದಕ್ಕಿಂತ ಹೆದರಿಕೆಯ ಕೆಲಸ ಕೊಟ್ಟರು.

ನಮ್ಮ ಕಂಪ್ಯೂಟರ್ ವಿಭಾಗದ ಮೆಷಿನ್ ಲರ್ನಿಂಗ್ ತರಗತಿಗೆ ಈ ಸಲ ಮಕ್ಕಳು ಮುಗಿಬಿದ್ದು ಸೇರಿದ್ದಾರಂತೆ. ಯಂತ್ರಕ್ಕೆ ರಾಶಿ ರಾಶಿ ಉದಾಹರಣೆ ತೋರಿಸಿ, ನಿಯಮವನ್ನು ಅದೇ ಕಂಡುಕೊಳ್ಳುವ ಹಾಗೆ ಮಾಡುವ ವಿದ್ಯೆ ಅದು. ಆಫೀಸಿನಲ್ಲಿ ಟೈಪಿಂಗ್, ಪುಟ ಜೋಡಿಸುವುದು ಮಾಡಿಕೊಂಡಿರುವ ನನಗೆ ಅದರ ಬಗ್ಗೆ ಗೊತ್ತಿರುವುದು ಇಷ್ಟೇ. ಹಿಂದೆ ಕಲಿಸಿ ಬಿಟ್ಟುಹೋದವರ ಹ್ಯಾಂಡ್‌ಔಟುಗಳೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿವೆ. ಕೈಬರಹ, ಬೋರ್ಡಿನ ಫೋಟೊ, ಅರ್ಧ ಟೈಪ್ ಮಾಡಿ ಕೈಬಿಟ್ಟದ್ದು. ಒಬ್ಬರು ಒಂದಕ್ಕೆ ಒಂದು ಚಿಹ್ನೆ ಹಾಕಿದ್ದರೆ ಇನ್ನೊಬ್ಬರು ಅದಕ್ಕೇ ಬೇರೆ ಚಿಹ್ನೆ ಹಾಕಿದ್ದಾರೆ. ಇದನ್ನೆಲ್ಲ ವಾರಕ್ಕೊಂದು ಪಾಠವಾಗಿ ಹೊಂದಿಸಿ, ಸೂತ್ರಗಳನ್ನು ಸರಿಯಾಗಿ ಕೂರಿಸಿ, ಅಚ್ಚುಕಟ್ಟಾದ ಪುಸ್ತಕದ ಹಾಗೆ ಮಾಡಿಕೊಡಬೇಕು.

"ಚೆನ್ನಾಗಿ ಬಂದ್ರೆ ನಿಮ್ಮನ್ನ ಕಾಯಂ ಮಾಡೋಕೆ ನಾನೇ ಬರೆದು ಕಳಿಸ್ತೀನಿ. ಚೆನ್ನಾಗಿ ಬರ್ಲಿಲ್ಲ ಅಂದ್ರೆ..." ಅಂದು ಹೆಡ್ ಮೇಡಂ ಮಾತು ನಿಲ್ಲಿಸಿ ನೀರು ಕುಡಿದರು.

ಆ ನೀರು ಕುಡಿದದ್ದರ ಅರ್ಥವೇನು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಮನೆಯಲ್ಲಿ ಹೇಳಿದರೆ ಅತ್ತೆ, "ಬಾಯಾರಿಕೆ ಆಗಿರುತ್ತೆ ಕಣೇ. ಅದಕ್ಕೂ ಅರ್ಥ ಹುಡುಕ್ತಾ ಕೂತ್ಕೊಂಡ್ರೆ ನೀನು ಉದ್ಧಾರ ಆದ ಹಾಗೇ" ಅಂದರು.

ಆಗಸ್ಟ್ ೭, ಗುರುವಾರ

ಪಾಠ ಮಾಡುವ ಮೇಷ್ಟ್ರನ್ನು ಇವತ್ತು ನೋಡಿದೆ. ಎತ್ತರದ ಆಳು. ಅಂಗಿ ಜೇಬಿನಲ್ಲಿ ಪೆನ್ಸಿಲ್, ಕಿವಿಯ ಹಿಂದೆ ಇನ್ನೊಂದು ಪೆನ್ಸಿಲ್, ಮೂರನೆಯದನ್ನು ಹುಡುಕುತ್ತಿದ್ದರು. ಸಿಡುಕು ಇಲ್ಲ. ಆದರೆ ಸಿಡುಕದವರನ್ನು ಕಂಡರೆ ನನಗೆ ಇನ್ನೂ ಭಯ, ಒಳಗೆ ಏನಿದೆಯೋ ಗೊತ್ತಾಗುವುದಿಲ್ಲ.

"ನೋಡಮ್ಮಾ, ಪ್ರತಿ ಪಾಠದ ಕೊನೆಗೆ ಪ್ರಶ್ನೆಗಳಿರ್ತವೆ. ಮಕ್ಕಳು ಉತ್ತರ ಬರೆದು ತಂದುಕೊಡಬೇಕು, ಅದಕ್ಕೆ ಅಂಕ ಉಂಟು. ಅವರ ಪ್ರತಿಯಲ್ಲಿ ಪ್ರಶ್ನೆ ಕೆಳಗೆ ಖಾಲಿ ಜಾಗ ಬಿಡಿ. ನನ್ನ ಪ್ರತಿಯಲ್ಲಿ ಅದೇ ಜಾಗದಲ್ಲಿ ಉತ್ತರ ಇರ್ಲಿ. ಒಂದೇ ಒಂದು ಕೋರಿಕೆ. ಎರಡರಲ್ಲೂ ಪುಟದ ಅಂಕಿ ಒಂದೇ ಆಗಿರ್ಬೇಕು. ಹಿಂದಿನ ಸಲ ನಾನು ಒಂಬತ್ತನೇ ಪುಟ ಅಂದ್ರೆ ಅವರು ಏಳನೇದರಲ್ಲಿ ಇರೋರು. ಅರ್ಧ ಕ್ಲಾಸು ಪುಟ ಹುಡುಕೋದ್ರಲ್ಲೇ ಹೋಗ್ತಿತ್ತು."

ಆಗಲಿ ಸರ್ ಅಂದುಬಿಟ್ಟೆ. ಹೇಗೆ ಅಂತ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಆಗಲಿ ಅನ್ನುವುದು ನನಗೆ ಅಂಟಿದ ರೋಗ.

ಆಗಸ್ಟ್ ೧೯, ಮಂಗಳವಾರ

ತಲೆ ಚಿಟ್ಟು ಹಿಡಿದುಹೋಗಿತ್ತು. ಉತ್ತರಗಳನ್ನು ತೋರಿಸು ಅಥವಾ ತೆಗೆ ಅಂತ ಕಂಪ್ಯೂಟರಿಗೆ ಒಂದು ಸಾಲಿನಲ್ಲಿ ಹೇಳಬಹುದು, ಅದೇನೋ ಸರಿ. ಆದರೆ ತೆಗೆ ಅಂದರೆ ಉತ್ತರದ ಜತೆ ಅದರ ಜಾಗವೂ ಮಾಯ. ಕೆಳಗಿನ ಸೂತ್ರಗಳೆಲ್ಲ ದಡದಡ ಮೇಲೇರಿ ಬರುತ್ತವೆ, ಪುಟದ ಅಂಕಿ ಬದಲಾಗುತ್ತದೆ. ಒಂದೊಂದು ಉತ್ತರಕ್ಕೂ ಅಳತೆ ಹಾಕಿ ಖಾಲಿ ಜಾಗ ಬಿಡೋಣ ಅಂದರೆ, ಮೇಷ್ಟ್ರು ಮೂರು ದಿನಕ್ಕೊಮ್ಮೆ ಉತ್ತರ ತಿದ್ದುತ್ತಾರೆ. ಮತ್ತೆ ಮೊದಲಿಂದ ಅಳೆಯಬೇಕು.

ಇವತ್ತು ಊಟದ ಡಬ್ಬಿ ತೊಳೆಯುತ್ತಿದ್ದಾಗ ಹೊಳೆಯಿತು. ಉತ್ತರ ಇದ್ದಲ್ಲೇ ಇರಲಿ, ಮಕ್ಕಳ ಪ್ರತಿಯಲ್ಲಿ ಅಕ್ಷರದ ಬಣ್ಣ ಬಿಳಿ ಮಾಡಿಬಿಟ್ಟರೆ? ಬಿಳಿ ಕಾಗದದ ಮೇಲೆ ಬಿಳಿ ಅಕ್ಷರ. ಎಷ್ಟು ಉತ್ತರವೋ ಅಷ್ಟೇ ಜಾಗ. ಪುಟದ ಅಂಕಿ ಒಂದು ಕೂದಲಷ್ಟೂ ಅಲುಗುವುದಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿಬಂದು ಮಾಡಿ ನೋಡಿದೆ. ಆಯಿತು! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೇಷ್ಟ್ರು ಎರಡೂ ಪ್ರತಿ ಪಕ್ಕಪಕ್ಕ ಇಟ್ಟು ನೋಡಿ, "ಭೇಷ್! ಹೇಗಮ್ಮಾ ಮಾಡಿದ್ರಿ?" ಅಂದರು. ಅದೊಂದು ಉಪಾಯ ಸರ್ ಅಂದು ನಕ್ಕು ಬಂದೆ. ಹೇಳಿದ್ದರೆ ಇಷ್ಟೇನಾ ಅಂದಾರು ಅಂತ ಹೇಳಲಿಲ್ಲ.

ಸೆಪ್ಟೆಂಬರ್ ೧, ಸೋಮವಾರ

ನಾಲ್ಕು ಪಾಠ ಮಕ್ಕಳ ಕೈಸೇರಿವೆ. ಕಾಗದದ ಪ್ರತಿಯನ್ನು ನೆಲಮಾಳಿಗೆಯ ಜೆರಾಕ್ಸ್ ಅಣ್ಣ ಮಾಡಿಕೊಡುತ್ತಾನೆ, ಕಂಪ್ಯೂಟರಿನ ಪ್ರತಿಯನ್ನು ನಾನು ಕಾಲೇಜಿನ ಜಾಲತಾಣಕ್ಕೆ ಹಾಕುತ್ತೇನೆ. ಹೆಡ್ ಮೇಡಂ ಕಾರಿಡಾರಿನಲ್ಲಿ ನಿಲ್ಲಿಸಿ, "ಪುಟ ನೋಡಿದ್ರೆ ಕಣ್ಣು ತಂಪಾಗುತ್ತೆ" ಅಂದರು. ಆಮೇಲೆ ಗಡಿಯಾರ ನೋಡಿಕೊಂಡು ಹೋದರು. ಯಾಕೆ ನೋಡಿಕೊಂಡರು ಅಂತ ಯೋಚಿಸಬಾರದು ಅಂದುಕೊಂಡಿದ್ದೇನೆ.

ಮೊದಲ ಬೆಂಚಿನಲ್ಲಿ ಒಂದು ಹುಡುಗಿ ಕೂರುತ್ತಾಳೆ. ಕಣ್ಣು ಕಾಣುವುದಿಲ್ಲ. ಒಂದು ಕಿವಿಯಲ್ಲಿ ಇಯರ್‌ಫೋನ್, ಇನ್ನೊಂದು ಕಿವಿ ಮೇಷ್ಟ್ರಿಗೆ. ಎಲ್ಲರೂ ಇಯರ್‌ಫೋನ್ ಹುಡುಗಿ ಅನ್ನುತ್ತಾರೆ. ಅವಳಿಗೆ ಯಾರೋ ಗೆಳತಿಯರು ಓದಿ ಹೇಳುತ್ತಾರೇನೋ, ಪಾಪ. ಉತ್ತರವನ್ನೆಲ್ಲ ಟೈಪ್ ಮಾಡಿ ಕಳಿಸುತ್ತಾಳಂತೆ, ತುಂಬ ಚುರುಕು ಅಂತ ಮೇಷ್ಟ್ರು ಹೊಗಳುತ್ತಿದ್ದರು.

ನಾಲ್ಕನೇ ಪಾಠದಲ್ಲಿ ಒಂದು ಸೂತ್ರ ಬಲಗಡೆ ಅಂಚು ದಾಟಿ ಕಾಲು ಚಾಚಿದೆ. ಅಚ್ಚಾದ ಮೇಲೆ ನೋಡಿದೆ. ಊಟ ಸೇರಲಿಲ್ಲ.

ಸೆಪ್ಟೆಂಬರ್ ೧೫, ಸೋಮವಾರ

ನನ್ನ ಗ್ರಹಚಾರ.

ಮೇಷ್ಟ್ರು ಬಾಗಿಲು ಹಾಕಿಕೊಂಡು ಬಂದು ಎದುರು ಕೂತರು. ಕೈಯಲ್ಲಿ ಆ ಹುಡುಗಿಯ ಉತ್ತರಗಳು.

"ಇದನ್ನ ಓದಿ."

ಐದನೇ ಪಾಠದ ಪ್ರಶ್ನೆ: ಯಂತ್ರ ತನಗೆ ತೋರಿಸಿದ ಉದಾಹರಣೆಗಳನ್ನು ಬಾಯಿಪಾಠ ಮಾಡಿಕೊಂಡರೆ ಆಗುವ ತೊಂದರೆ ಏನು? ಹುಡುಗಿ ಬರೆದಿದ್ದಾಳೆ: "ಹ್ಯಾಂಡ್‌ಔಟಿನಲ್ಲಿ ಬರುವ ದರ್ಜಿಯ ಹಾಗೆ. ಅವನು ಗಿರಾಕಿಯ ಮೈಗೆ ಎಷ್ಟು ಬಿಗಿಯಾಗಿ ಹೊಲಿದನೆಂದರೆ, ಊಟ ಮಾಡಿ ಎದ್ದ ಮೇಲೆ ಆ ಅಂಗಿ ಗಿರಾಕಿಯ ಮೈಗೇ ಸಾಲಲಿಲ್ಲ."

"ಈ ದರ್ಜಿ ಹ್ಯಾಂಡ್‌ಔಟಲ್ಲಿ ಎಲ್ಲಿದ್ದಾನಮ್ಮಾ? ಅವನು ನನ್ನ ಉತ್ತರದಲ್ಲಿದ್ದಾನೆ. ನನ್ನ ಹೆಂಡ್ತಿ ನನಗೆ ಹೊಲಿಸಿದ ಅಂಗಿ ಕಥೆ ಅದು. ಕ್ಲಾಸಲ್ಲಿ ಯಾವತ್ತೂ ಹೇಳಿಲ್ಲ."

ಹಿಂದಿನ ಪಾಠಗಳಿಗೆ ಅವಳು ಬರೆದದ್ದನ್ನೂ ತೆಗೆದು ನೋಡಿದ್ದಾರೆ. ಎಲ್ಲ ಕಡೆ ಅವರದೇ ಹೆಜ್ಜೆಗಳು, ಅವರದೇ ಕ್ರಮ. ಕರೆದು ಕೇಳಿದರೆ ಹುಡುಗಿಯದು ಒಂದೇ ಮಾತು, "ಹ್ಯಾಂಡ್‌ಔಟಲ್ಲೇ ಇದೆ ಸರ್." ಎಲ್ಲಿದೆ ತೋರಿಸು ಅಂದರೆ, "ಪ್ರಶ್ನೆ ಕೆಳಗೇ." ಪ್ರಶ್ನೆಯ ಕೆಳಗೆ ಖಾಲಿ ಜಾಗ.

"ಯಂತ್ರಕ್ಕೆ ಪರೀಕ್ಷೆಗೆ ಇಟ್ಟಿರೋ ಉದಾಹರಣೆನ ಮುಂಚೆ ತೋರಿಸಬಾರದು ಅಂತ ಅದೇ ಪಾಠದಲ್ಲಿ ಹೇಳಿದ್ದೀನಿ. ಯಾರೋ ಈ ಮಗೂಗೆ ತೋರಿಸಿದ್ದಾರೆ" ಅಂದರು. "ಉತ್ತರ ಇರೋದು ನನ್ನ ಹತ್ರ, ನಿಮ್ಮ ಹತ್ರ. ಇಬ್ಬರದೇ ಹತ್ರ."

ನನ್ನ ಕಡೆ ನೋಡಿ ಹೇಳಲಿಲ್ಲ. ಪೆನ್ಸಿಲ್ ನೋಡುತ್ತಾ ಹೇಳಿದರು. ಅದೇ ನನಗೆ ಹೆಚ್ಚು ಚುಚ್ಚಿತು.

ಸೆಪ್ಟೆಂಬರ್ ೧೬, ಮಂಗಳವಾರ

ಮುಂದಿನ ಬುಧವಾರ ಶಿಸ್ತು ಸಮಿತಿ ಸೇರುತ್ತದೆ. ನಕಲು ಅಂತ ತೀರ್ಮಾನವಾದರೆ ಹುಡುಗಿ ಒಂದು ವರ್ಷ ಕಾಲೇಜಿನಿಂದ ಹೊರಗೆ. ಉತ್ತರ ಕೊಟ್ಟವರು ಯಾರು ಅಂತಲೂ ವಿಚಾರಿಸುತ್ತಾರೆ. ಹೆಡ್ ಮೇಡಂ ಇವತ್ತು ನನ್ನನ್ನು ಕಂಡೂ ಕಾಣದವರ ಹಾಗೆ ದಾಟಿಹೋದರು.

ಸೋರಿದ್ದು ಆ ಬಿಳಿ ಅಕ್ಷರದಿಂದಲೇ ಇರಬಹುದಾ ಅಂತ ಒಂದು ಸಲ ಅನ್ನಿಸಿತು. ಐದನೇ ಪಾಠದ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ, ಓರೆಯಾಗಿ ಹಿಡಿದು ನೋಡಿದೆ, ಬೆರಳಾಡಿಸಿ ನೋಡಿದೆ. ಏನೂ ಇಲ್ಲ, ಅಪ್ಪಟ ಖಾಲಿ. ಕಣ್ಣಿದ್ದವರಿಗೇ ಕಾಣದ್ದು ಆ ಹುಡುಗಿಗೆ ಎಲ್ಲಿಂದ ಕಂಡೀತು? ಆ ಯೋಚನೆ ಬಿಟ್ಟೆ.

ನಮ್ಮನೆಯವರು ಲಿಫ್ಟ್ ರಿಪೇರಿ ಕೆಲಸದವರು. ನಡುದಾರಿಯಲ್ಲಿ ಸಿಕ್ಕಿಕೊಂಡವರಿಗೆ ಹೊರಗಿನಿಂದ ಕೂಗಿ ಧೈರ್ಯ ಹೇಳಿ ಹೇಳಿ, ಮನೆಯಲ್ಲೂ ನನ್ನ ಜತೆ ಅದೇ ದನಿಯಲ್ಲಿ ಮಾತಾಡುತ್ತಾರೆ. "ಗಾಬರಿ ಆಗ್ಬೇಡ. ಬಾಗಿಲು ಬಡೀಬೇಡ. ಕೆಳಗೆ ಬೀಳೋದಿಲ್ಲ" ಅಂದರು.

"ರೀ, ನಾನು ಲಿಫ್ಟಲ್ಲಿಲ್ಲ" ಅಂದೆ.

"ಗೊತ್ತು. ಆದ್ರೂ ಬಾಗಿಲು ಬಡೀಬೇಡ."

ಸೆಪ್ಟೆಂಬರ್ ೧೮, ಗುರುವಾರ

ಬಡಿದೆ. ತಡೆಯಲಾಗಲಿಲ್ಲ.

ಲೈಬ್ರರಿಯಲ್ಲಿ ಹುಡುಗಿ ಒಬ್ಬಳೇ ಕೂತಿದ್ದಳು. ಹೋಗಿ ಎದುರು ನಿಂತು ನಾನು ಯಾರು ಅಂತ ಹೇಳಿ, "ನಿಂಗೆ ಉತ್ತರ ಯಾರು ಕೊಟ್ರು? ನಿಜ ಹೇಳು, ನನ್ನ ಕೆಲಸದ ಪ್ರಶ್ನೆ" ಅಂದೆ. ನನ್ನ ಕೆಲಸದ ಪ್ರಶ್ನೆ ಅಂದದ್ದು ನನಗೇ ಕೇಳಿಸಿತು. ಅವಳ ವರ್ಷದ ಪ್ರಶ್ನೆಯೂ ಹೌದು, ಅದನ್ನು ನಾನು ಹೇಳಲಿಲ್ಲ.

ಅವಳು ಮುಖ ಎತ್ತಿ, "ಹ್ಯಾಂಡ್‌ಔಟು ಮಾಡೋರು ನೀವೇನಾ ಮೇಡಂ? ನೀವೇ ಕೊಟ್ರಲ್ಲ" ಅಂದಳು.

ಸುತ್ತ ಓದುತ್ತಿದ್ದವರು ತಿರುಗಿ ನೋಡಿದರು. ಸಮಿತಿಯ ಮುಂದೆಯೂ ಇವಳು ಹೀಗೇ ಹೇಳಿಬಿಟ್ಟರೆ? ನಾನು ಇವಳಿಗೇನು ಅನ್ಯಾಯ ಮಾಡಿದ್ದೆ? ಎದ್ದುಬಿದ್ದು ಬಂದೆ. "ಮೇಡಂ, ಒಂದ್ನಿಮಿಷ" ಅಂತ ಅವಳು ಹಿಂದಿನಿಂದ ಕರೆಯುತ್ತಲೇ ಇದ್ದಳು.

ಸೆಪ್ಟೆಂಬರ್ ೧೯, ಶುಕ್ರವಾರ

ಜೆರಾಕ್ಸ್ ಅಣ್ಣನ ಮೇಲೆ ಹರಿಹಾಯ್ದೆ. ಮೇಷ್ಟ್ರ ಉತ್ತರದ ಪ್ರತಿ ಅಚ್ಚಾಗುವುದೂ ಅವನ ಯಂತ್ರದಲ್ಲೇ ಅಲ್ಲವೇ, ಇನ್ಯಾರು ಕೊಡಲು ಸಾಧ್ಯ ಅಂತ. ಬಾಯಿಗೆ ಬಂದ ಹಾಗೆ ಅಂದೆ. ಅವನು ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಪೂರ್ತಿ ಕೇಳಿಸಿಕೊಂಡ. "ಆಯ್ತಾ ಅಕ್ಕಾ?" ಅಂತ ಕೇಳಿ ಮತ್ತೆ ಯಂತ್ರ ಚಾಲೂ ಮಾಡಿದ.

ಅವನಲ್ಲ ಅಂತ ಮೆಟ್ಟಿಲು ಹತ್ತುವಾಗಲೇ ನನಗೆ ಗೊತ್ತಾಗಿತ್ತು. ಇಳಿದು ಹೋಗಿ ಹೇಳುವುದಕ್ಕೆ ಮುಖವಿರಲಿಲ್ಲ.

ಸೆಪ್ಟೆಂಬರ್ ೨೦, ಶನಿವಾರ

ಇದನ್ನು ಬರೆಯುವುದೇ ಬೇಡ ಅನ್ನಿಸಿತ್ತು. ಆದರೂ ಬರೆದುಬಿಡುತ್ತೇನೆ.

ಹುಡುಗಿಯೇ ನನ್ನ ಕೋಣೆ ಹುಡುಕಿಕೊಂಡು ಬಂದಳು. ಗೋಡೆ ಸವರಿಕೊಂಡು, ಕೋಲು ತಟ್ಟಿಕೊಂಡು ಬಂದು, "ಮೇಡಂ, ಎಲ್ರೂ ಪುಟ ಖಾಲಿ ಖಾಲಿ ಅಂತಾರೆ. ನನಗೆ ತಲೆಬುಡ ಗೊತ್ತಾಗ್ತಿಲ್ಲ. ನೀವೇ ಒಂದ್ಸಲ ಕೇಳಿ" ಅಂದಳು. ತನ್ನ ಕಂಪ್ಯೂಟರ್ ತೆರೆದು ಐದನೇ ಪಾಠ ತೆಗೆದು, ಇಯರ್‌ಫೋನಿನ ಒಂದು ತುದಿ ನನ್ನ ಕೈಗಿಟ್ಟಳು.

ಅವಳ ಕಂಪ್ಯೂಟರ್ ಅವಳಿಗೆ ಓದಿ ಹೇಳುತ್ತದೆ. ಗೆಳತಿಯೂ ಇಲ್ಲ, ಯಾರೂ ಇಲ್ಲ. ಯಂತ್ರದ ದನಿ ಓಡುತ್ತಾ ಓಡುತ್ತಾ ಓದುತ್ತದೆ, ಅವಳಿಗೆ ಅದೇ ಅಭ್ಯಾಸ. ನನಗೋಸ್ಕರ ನಿಧಾನ ಮಾಡಿದಳು. ಪ್ರಶ್ನೆ ಓದಿತು. ನಾನು ಪರದೆಯ ಮೇಲೆ ಖಾಲಿ ಜಾಗ ನೋಡುತ್ತಾ ಕೂತಿದ್ದೆ. ದನಿ ನಿಲ್ಲಲೇ ಇಲ್ಲ. "ಉತ್ತರ. ಒಬ್ಬ ದರ್ಜಿ ಗಿರಾಕಿಯ ಮೈಗೆ ಎಷ್ಟು ಬಿಗಿಯಾಗಿ ಹೊಲಿದನೆಂದರೆ..."

ಬಣ್ಣವೆಲ್ಲ ನಮ್ಮ ಕಣ್ಣಿಗೆ. ಯಂತ್ರಕ್ಕೆ ಬಿಳಿಯೂ ಒಂದೇ, ಕಪ್ಪೂ ಒಂದೇ. ಅಕ್ಷರ ಇದ್ದರೆ ಓದುತ್ತದೆ.

"ಮಾದರಿ ಉತ್ತರ ಕೊಟ್ಟಿದ್ದಾರೆ, ಅದನ್ನ ಅರ್ಥ ಮಾಡ್ಕೊಂಡು ನಮ್ಮ ಮಾತಲ್ಲಿ ಬರೀಬೇಕು ಅಂದ್ಕೊಂಡೆ ಮೇಡಂ" ಅಂದಳು. "ಎಲ್ಲರಿಗೂ ಇದೆ ಅಂದ್ಕೊಂಡೆ. ಅದಕ್ಕೇ ಹ್ಯಾಂಡ್‌ಔಟಲ್ಲಿರೋ ಹಾಗೆ ಅಂತ ಬರೆದೆ. ಕದ್ದಿದ್ರೆ ಹಾಗೆ ಬರೀತಿದ್ನಾ?"

ಬಿಳಿ ಬಣ್ಣದ ವಿಷಯ ನಾನು ಹೇಳಲಿಲ್ಲ. ನೋಡ್ತೀನಿ, ಏನೋ ತಾಂತ್ರಿಕ ತೊಂದರೆ ಇರಬೇಕು ಅಂದೆ. ಅವಳು ಥ್ಯಾಂಕ್ಸ್ ಹೇಳಿ ಹೋದಳು. ಥ್ಯಾಂಕ್ಸ್!

ಸೆಪ್ಟೆಂಬರ್ ೨೧, ಭಾನುವಾರ

ಬೆಳಿಗ್ಗೆ ಅತ್ತೆಗೆ ಹೇಳಿದೆ. ಇವರು ಡ್ಯೂಟಿಗೆ ಹೋಗಿದ್ದರು. ಬೇರೆ ಯಾರಿಗೆ ಹೇಳಲಿ?

ಅತ್ತೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ದನಿ ತಗ್ಗಿಸಿ, "ಯಾರಿಗೂ ಗೊತ್ತಿಲ್ವಾ? ಹಾಗಾದ್ರೆ ಸುಮ್ನೆ ಸರಿಮಾಡಿ ಹಾಕ್ಬಿಡು. ಇಷ್ಟು ವರ್ಷಕ್ಕೆ ಒಂದು ಕಾಯಂ ಕೆಲಸ ಸಿಗೋ ಹೊತ್ತಲ್ಲಿ ಇಲ್ಲದ ಉಸಾಬರಿ ಯಾಕೆ?" ಅಂದರು. "ಆ ಹುಡುಗಿಗೆ ಏನೋ ಒಂದು ದಾರಿ ಆಗುತ್ತೆ" ಅಂತಲೂ ಅಂದರು, ಆದರೆ ಅದನ್ನು ನನ್ನ ಮುಖ ನೋಡಿ ಹೇಳಲಿಲ್ಲ, ತಟ್ಟೆ ಒರೆಸುತ್ತಾ ಹೇಳಿದರು.

ಎಲ್ಲ ಪಾಠಗಳಿಂದ ಉತ್ತರಗಳನ್ನು ನಿಜವಾಗಿಯೂ ತೆಗೆದು, ಅಳತೆ ಮಾಡಿ ಖಾಲಿ ಜಾಗ ಬಿಟ್ಟು, ಹೊಸ ಪ್ರತಿಗಳನ್ನು ಮಾಡಿದೆ. ಮಧ್ಯಾಹ್ನ ಅವನ್ನು ತಾಣಕ್ಕೆ ಹಾಕಿಬಿಟ್ಟೆ. ಅಲ್ಲಿದ್ದ ಹಳೆಯವು ಅಳಿಸಿಹೋದವು. ಇನ್ನು ಸಮಿತಿಯವರು ಆ ತಾಣದಿಂದ ತೆಗೆದು ಕೇಳಿದರೆ ಯಂತ್ರ ಪ್ರಶ್ನೆ ಓದಿ ಸುಮ್ಮನಾಗುತ್ತದೆ. ಹುಡುಗಿಯ ಬಳಿ ಇರುವ ಪ್ರತಿಯನ್ನು ಯಾರು ನಂಬುತ್ತಾರೆ? ಅವಳೇ ಸೇರಿಸಿಕೊಂಡದ್ದು ಅನ್ನುತ್ತಾರೆ.

ಊಟಕ್ಕೆ ಕೂತೆ. ಅವಳು "ಹ್ಯಾಂಡ್‌ಔಟಲ್ಲೇ ಇದೆ" ಅನ್ನುವುದು, ಅವರೆಲ್ಲ ನೋಡಿ ಇಲ್ಲ ಅನ್ನುವುದು, ಅವಳು ಮತ್ತೆ "ಇದೆ" ಅನ್ನುವುದು. ತಲೆಯಲ್ಲಿ ಅದೇ ಸುತ್ತುತ್ತಿತ್ತು.

ಸಂಜೆ ನನ್ನ ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ಪ್ರತಿಗಳನ್ನೇ ಹುಡುಕಿ ವಾಪಸ್ ಹಾಕಿದೆ. ತಪ್ಪನ್ನು ತಿದ್ದಿ, ಮತ್ತೆ ಅದೇ ತಪ್ಪನ್ನು ತಂದು ಕೂರಿಸಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಅತ್ತೆಗೆ ಹೇಳಿದೆ. "ನಿಂಗೆ ಬುದ್ಧಿ ಹೇಳಿ ನಾನು ಕೆಟ್ಟೆ" ಅಂದು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಟೀ ಮಾಡಿ ತಂದಿಟ್ಟರು.

ಸೆಪ್ಟೆಂಬರ್ ೨೨, ಸೋಮವಾರ

ಮೇಷ್ಟ್ರಿಗೆ ಹೇಳಿದೆ. ತೊದಲಿ, ಅತ್ತು, ಮೂಗು ಒರೆಸಿಕೊಂಡು ಹೇಳಿದೆ. ಭಾನುವಾರ ತೆಗೆದು ಮತ್ತೆ ಹಾಕಿದ್ದನ್ನೂ ಬಿಡಲಿಲ್ಲ.

ಅವರು ತುಂಬ ಹೊತ್ತು ಪೆನ್ಸಿಲ್ ತಿರುಗಿಸುತ್ತಾ ಇದ್ದರು. "ಪುಟದ ಅಂಕಿ ಒಂದೇ ಇರ್ಬೇಕು ಅಂದವನು ನಾನು. ಹೇಗೆ ಮಾಡಿದ್ರಿ ಅಂತ ಕೇಳಿದವನೂ ನಾನು. ಉತ್ತರ ಬರೋ ಮುಂಚೆ ಎದ್ದು ಹೋದೆ ಅನ್ಸುತ್ತೆ."

"ಎದ್ದು ಹೋದದ್ದು ನಾನು ಸರ್."

"ಸರಿ. ಬುಧವಾರ ಇಬ್ರೂ ಕೂತಿರೋಣ" ಅಂದರು.

ಬೈದಿದ್ದರೆ ಒಳ್ಳೆಯದಿತ್ತು.

ಸೆಪ್ಟೆಂಬರ್ ೨೪, ಬುಧವಾರ

ಉದ್ದನೆಯ ಮೇಜು. ಹೆಡ್ ಮೇಡಂ, ಬೇರೆ ವಿಭಾಗದ ಇಬ್ಬರು, ಮೇಷ್ಟ್ರು. ಹುಡುಗಿ ಒಂದು ತುದಿಯಲ್ಲಿ, ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು. ಎಲ್ಲರ ಮುಂದೆ ಐದನೇ ಪಾಠದ ಅಚ್ಚಾದ ಪ್ರತಿ, ಪ್ರಶ್ನೆಯ ಕೆಳಗೆ ಖಾಲಿ.

ಕುರ್ಚಿಯ ಬೆನ್ನು ಹಿಡಿದು ನಿಂತೆ. ತಾಣದಿಂದ ಎಲ್ಲರ ಎದುರೇ ಪಾಠ ತೆಗೆದು, ಕಂಪ್ಯೂಟರಿನ ದನಿ ಜೋರು ಮಾಡಿದೆ. ಪ್ರಶ್ನೆ ಓದಿತು. ಆಮೇಲೆ ದರ್ಜಿಯ ಕಥೆ ಪೂರ್ತಿ ಓದಿತು, ಏರಿಳಿತವಿಲ್ಲದ ದನಿಯಲ್ಲಿ, ಅಂಗಿ ಸಾಲದೆ ಹೋದದ್ದರವರೆಗೆ. ಯಾರೂ ನಗಲಿಲ್ಲ. ಒಬ್ಬರು ತಮ್ಮ ಮುಂದಿದ್ದ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು.

"ಉತ್ತರ ಬಿಳಿ ಬಣ್ಣದಲ್ಲಿ ಅಲ್ಲೇ ಇದೆ. ಬಿಟ್ಟದ್ದು ನಾನು" ಅಂದೆ. "ಅವಳು ಕದ್ದಿಲ್ಲ. ಅವಳು ನಿಜವನ್ನೇ ಹೇಳ್ತಿದ್ಲು. ನಾವು ಯಾರೂ ಕೇಳ್ಲಿಲ್ಲ."

ಹುಡುಗಿ ಅಳುತ್ತಾಳೇನೋ ಅಂದುಕೊಂಡೆ. ಅವಳು, "ಬಿಳಿ ಅಂತ ನಂಗೆ ಯಾರಾದ್ರೂ ಮೊದಲೇ ಹೇಳಿದ್ರೆ ನಾನೇ ಹೇಳ್ತಿದ್ನಲ್ಲ" ಅಂದಳು, ಸ್ವಲ್ಪ ಸಿಟ್ಟಿನಿಂದಲೇ. ಆ ಸಿಟ್ಟು ನನಗೆ ಸಲ್ಲಬೇಕಾದದ್ದೇ.

ಅವಳ ಮೇಲಿನ ಆರೋಪ ಬಿದ್ದುಹೋಯಿತು. ಇಷ್ಟು ದಿನದ ಉತ್ತರಗಳ ಅಂಕವನ್ನು ಎಲ್ಲರಿಗೂ ರದ್ದು ಮಾಡಿ ಹೊಸ ಪ್ರಶ್ನೆ ಕೊಡಬೇಕಂತೆ. ಮಧ್ಯಾಹ್ನ ಕ್ಲಾಸಿನಲ್ಲಿ ಅದನ್ನು ಹೇಳಿದಾಗ ಕೊನೆಯ ಬೆಂಚಿನಿಂದ ಬಂದ ನರಳಾಟ ಕೇಳಿ ಮೇಷ್ಟ್ರಿಗೆ ಅನುಮಾನ, ಅಲ್ಲಿ ಕೆಲವರು ಖಾಲಿ ಜಾಗವನ್ನು ಮೌಸಿನಿಂದ ಎಳೆದು ನೋಡಿ ಯಾವಾಗಲೋ ಕಂಡುಕೊಂಡಿದ್ದಾರೆ ಅಂತ. ಮಾತು ಬದಲಾಯಿಸಿ ಬರೆದು ದಕ್ಕಿಸಿಕೊಂಡಿದ್ದಾರೆ.

ಬೆಳಿಗ್ಗೆ ಸಮಿತಿ ಮುಗಿದು ಎಲ್ಲರೂ ಎದ್ದ ಮೇಲೆ ಹೆಡ್ ಮೇಡಂ ನನ್ನನ್ನು ನಿಲ್ಲಿಸಿಕೊಂಡರು. "ಕಾಯಂ ಮಾಡೋಕೆ ಇನ್ನು ನಾನು ಬರೆಯೋಕಾಗಲ್ಲ. ಸೆಮಿಸ್ಟರ್ ಮುಗಿಯೋವರೆಗೆ ಇರಿ. ಆಮೇಲೆ ಕಷ್ಟ." ಈ ಸಲ ನೀರು ಕುಡಿಯಲಿಲ್ಲ.

ಸೆಪ್ಟೆಂಬರ್ ೨೫, ಗುರುವಾರ

ಜೆರಾಕ್ಸ್ ಅಣ್ಣನ ಹತ್ತಿರ ಹೋಗಿ, ನನ್ನಿಂದ ತಪ್ಪಾಯ್ತು ಅಂದೆ. "ನಿಮ್ಮ ಪಾಠ ನಾನು ಒಂದು ಸಾಲೂ ಓದಿಲ್ಲ ಅಕ್ಕಾ. ಓದಿದ್ರೆ ನಾನ್ಯಾಕೆ ಈ ನೆಲಮಾಳಿಗೇಲಿ ಇರ್ತಿದ್ದೆ?" ಅಂದ. ಆದರೆ ಮೊದಲಿನ ಹಾಗೆ ನಗಲಿಲ್ಲ. ಅದಕ್ಕೆ ಸ್ವಲ್ಪ ದಿನ ಬೇಕು.

ಎಂಟನೇ ಪಾಠ ಅರ್ಧ ಆಗಿದೆ. ಈಗ ಒಂದೊಂದು ಪುಟ ಮುಗಿದ ಹಾಗೆಲ್ಲ ಕಂಪ್ಯೂಟರಿನಲ್ಲಿ ಓದಿಸಿ ಕೇಳುತ್ತೇನೆ. ಸೂತ್ರಗಳನ್ನು ಅದು ಓದುವ ರೀತಿ ದೇವರಿಗೇ ಪ್ರೀತಿ. ಭಾಗಿಸು ಅನ್ನುವ ಗೆರೆಯನ್ನು ನುಂಗಿಬಿಡುತ್ತದೆ, ಮೇಲಿದ್ದದ್ದು ಕೆಳಗಿದ್ದದ್ದು ಎಲ್ಲ ಕಲಸುಮೇಲೋಗರ. ಹುಡುಗಿ ಇಷ್ಟು ದಿನ ಇದನ್ನು ಹೇಗೆ ಬಿಡಿಸಿಕೊಂಡಳೋ! ಸೂತ್ರದ ಕೆಳಗೆ ಅದನ್ನೇ ಮಾತಿನಲ್ಲೂ ಬರೆಯುತ್ತಿದ್ದೇನೆ. ಪುಟ ಉದ್ದವಾಗುತ್ತದೆ, ಆಗಲಿ. ಅಂಚು ಎಲ್ಲೆಲ್ಲಿ ದಾಟಿದೆಯೋ ನೋಡಿಲ್ಲ.

ಸೆಪ್ಟೆಂಬರ್ ೩೦, ಮಂಗಳವಾರ

ಹುಡುಗಿ ಬಂದಿದ್ದಳು. ಬಾಗಿಲಲ್ಲೇ ನಿಂತು, "ಮೇಡಂ, ನಿಮ್ಮ ಕೆಲಸ ಹೋಗುತ್ತಂತೆ?" ಅಂದಳು. ಇಂಥ ಸುದ್ದಿಗೆ ಮಾತ್ರ ಈ ಕಾಲೇಜಿನಲ್ಲಿ ಯಾವ ತಾಣವೂ ಬೇಡ.

"ಸೆಮಿಸ್ಟರ್ ಮುಗಿದ ಮೇಲೆ."

"ನನ್ನಿಂದ."

"ನಿನ್ನಿಂದ ಅಲ್ಲ. ಬಾ, ಕೂತ್ಕೋ."

ಕೂತಳು. ಹೊಸ ಪಾಠ ಕೇಳಿದೆಯಾ, ಸೂತ್ರ ಗೊತ್ತಾಗುತ್ತಾ ಅಂತ ಕೇಳಿದೆ. ಈಗ ಚೆನ್ನಾಗಿ ಗೊತ್ತಾಗುತ್ತೆ ಅಂದಳು. ಎದ್ದು ಹೊರಟವಳು ಮತ್ತೆ ಕೂತಳು.

"ಮೇಡಂ, ಒಂದು ಕೇಳ್ಲಾ? ನಡುನಡುವೆ ನನ್ನ ಕಂಪ್ಯೂಟರ್ 'ಚಿತ್ರ' ಅನ್ನುತ್ತೆ. ಅಷ್ಟೇ ಅಂದು ಮುಂದಕ್ಕೆ ಹೋಗ್ಬಿಡುತ್ತೆ. ಅಲ್ಲೇನಿದೆ?"

ಮೊದಲ ಪಾಠದಿಂದ ಚಿತ್ರಗಳಿವೆ. ಅಗಲ ಸರಿಮಾಡಿ, ನಡುವೆ ಕೂರಿಸಿ, ಕೆಳಗೆ ಅಂಕಿ ಹಾಕಿದವಳು ನಾನೇ. ಇವಳಿಗೆ ಅವುಗಳಲ್ಲಿ ಒಂದೂ ತಲುಪಿಲ್ಲ. ತಲುಪಬಾರದ ಉತ್ತರಗಳನ್ನೆಲ್ಲ ಕಿವಿಯವರೆಗೆ ಕೊಂಡುಹೋಗಿ ಕೊಟ್ಟೆ, ಎಲ್ಲರಿಗೂ ಸಿಕ್ಕಿದ್ದನ್ನು ಕೊಡಲಿಲ್ಲ. ನನಗೆ ನಾಚಿಕೆಯಾಯಿತು. ಸಮಿತಿಯ ಮುಂದೆ ನಿಂತಾಗಲೂ ಇಷ್ಟು ಆಗಿರಲಿಲ್ಲ.

"ಯಾರನ್ನೂ ಕೇಳ್ಲಿಲ್ವಾ?"

"ಎರಡನೇ ಪಾಠದ ದಿನ ಸರ್ 'ಈ ಚಿತ್ರ ನೋಡಿ, ಎಲ್ಲ ಅರ್ಥ ಆಗುತ್ತೆ' ಅಂದ್ರು. ಕ್ಲಾಸಲ್ಲಿ ಎಲ್ರೂ ಒಟ್ಟಿಗೆ 'ಓಹ್' ಅಂದ್ರು." ಅವಳು ಮುಗುಳ್ನಕ್ಕಳು. "ನಾನೂ ಅಂದೆ."

ಎರಡನೇ ಪಾಠ ತೆಗೆದೆ. ಹೇಳಲು ಹೊರಟರೆ, ನಾನೂ ಆ ಚಿತ್ರವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಅದರ ಅಗಲ ಎತ್ತರ ಗೊತ್ತು, ಒಳಗಿರುವುದು ಗೊತ್ತಿಲ್ಲ. ನಿಧಾನವಾಗಿ ನೋಡಿದೆ. ನೋಡುತ್ತಾ ಹೇಳಿದೆ.

"ಒಂದು ಚೌಕ. ಎಡಗಡೆ ಕೆಳಗೆ ಚುಕ್ಕಿಗಳ ಗುಂಪು ಇದೆ, ಒತ್ತೊತ್ತಾಗಿ. ಬಲಗಡೆ ಮೇಲೆ ಸಣ್ಣ ಸಣ್ಣ ಉಂಗುರಗಳ ಗುಂಪು, ಸ್ವಲ್ಪ ಚದುರಿಕೊಂಡಿವೆ. ಎರಡರ ನಡುವೆ ಓರೆಯಾಗಿ ಒಂದು ನೇರ ಗೆರೆ."

"ಗೆರೆ ಯಾವುದಕ್ಕೆ ಹತ್ರ?"

"ಯಾವುದಕ್ಕೂ ಅಲ್ಲ. ಎರಡರಿಂದಲೂ ಆದಷ್ಟು ದೂರ. ಆದ್ರೆ ಒಂದು ಉಂಗುರ ಗೆರೆ ಆಚೆ ಬಿದ್ದಿದೆ. ಚುಕ್ಕಿಗಳ ಜತೆ, ಒಂದೇ."

"ಅದಕ್ಕೋಸ್ಕರ ಗೆರೆ ಬಗ್ಗಿಸಿಲ್ವಾ?"

"ಇಲ್ಲ. ನೇರಕ್ಕೇ ಹೋಗಿದೆ. ಅದನ್ನ ಅಲ್ಲೇ ಬಿಟ್ಟಿದ್ದಾರೆ."

ಅವಳ ಬೆರಳು ಮೇಜಿನ ಮೇಲೆ ಹರಿದಾಡಿತು. ಎಡಗಡೆ ಕೆಳಗೆ ಒಂದಷ್ಟು ಕಡೆ ತಟ್ಟಿತು, ಬಲಗಡೆ ಮೇಲೆ ಒಂದಷ್ಟು ಕಡೆ ತಟ್ಟಿತು, ನಡುವೆ ಓರೆಯಾಗಿ ಒಂದು ಗೆರೆ ಎಳೆಯಿತು. ಆಮೇಲೆ ಗೆರೆಯ ಆಚೆ, ಬೇರೆಯಾಗಿ, ಒಂದು ಕಡೆ ತಟ್ಟಿ ಅಲ್ಲೇ ನಿಂತಿತು.

ಆಮೇಲೆ "ಓಹ್" ಅಂದಳು.